ಶೇಡ್, ಶ್ಯಾಡೋ ಎರಡೂ ನೆರಳೇ ಅಲ್ವಾ?

ಪ್ರಶ್ನೆ:
ನಾನು ಓದಿದ್ದು ಪೂರ್ತಿ ಕನ್ನಡ ಮಾಧ್ಯಮ. ಮಗಳು ಪ್ರಬಂಧದಲ್ಲಿ 'ವಿ ಸ್ಯಾಟ್ ಇನ್ ದ ಶ್ಯಾಡೋ ಆಫ್ ಎ ಟ್ರೀ' ಅಂತ ಬರೆದಿದ್ದಳು. ಟೀಚರ್ ಶ್ಯಾಡೋ ಹೊಡೆದು ಹಾಕಿ ಕೆಂಪು ಶಾಯಿಯಲ್ಲಿ ಶೇಡ್ ಅಂತ ತಿದ್ದಿದ್ದಾರೆ. 'ಯಾಕಮ್ಮ?' ಅಂತ ಕೇಳಿದಳು, ನನಗೆ ಹೇಳೋಕೆ ಬರಲಿಲ್ಲ. ನಿಘಂಟು ತೆಗೆದರೆ ಎರಡಕ್ಕೂ ನೆರಳು ಅಂತಲೇ ಇದೆ. ಬಾರೋ, ಲೆಂಡ್ ಕೂಡ ನನಗೆ ಯಾವಾಗಲೂ ಅದಲುಬದಲು. ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ 1:
ಮೇಡಂ, ರಾತ್ರಿ ಒಂದು ದೀಪದ ಮುಂದೆ ಮಗಳ ಕೈ ಹಿಡಿಸಿ. ಗೋಡೆ ಮೇಲೆ ಐದು ಬೆರಳು ಎಣಿಸೋಕೆ ಬರುತ್ತಲ್ಲ, ಅದು ಶ್ಯಾಡೋ. ಅದಕ್ಕೆ ಅಂಚು ಇದೆ, ಆಕಾರ ಇದೆ, ಕೈ ಆಡಿಸಿದರೆ ಅದೂ ಆಡುತ್ತೆ. ಶೇಡ್ ಅಂದ್ರೆ ಬಿಸಿಲು ತಾಗದ ಜಾಗ, ಅಲ್ಲಿನ ತಂಪು. ಮರದ ಕೆಳಗೆ ನಾವು ಹುಡುಕಿಕೊಂಡು ಹೋಗೋದು ತಂಪನ್ನು, ಮರದ ಆಕಾರವನ್ನಲ್ಲ. ಅದಕ್ಕೇ ಅಲ್ಲಿ ಶೇಡ್. ಶ್ಯಾಡೋ ಬರೆದರೆ ವ್ಯಾಕರಣ ಕೆಡಲ್ಲ, ಆದರೆ ಆ ತಂಪು ಬರಲ್ಲ.

ಇನ್ನೊಂದು ಗುರುತು: 'ಟೂ ಶ್ಯಾಡೋಸ್' ಅನ್ನಬಹುದು, ತಂಪಿನ ನೆರಳಿಗೆ 'ಸಮ್ ಶೇಡ್' ಅಂತಲೇ ಅನ್ನಬೇಕು. 'ಟೂ ಶೇಡ್ಸ್' ಅಂದರೆ ಬಣ್ಣದ ಮಾತಾಗಿಬಿಡುತ್ತೆ.

ನನಗೆ ತುಂಬಾ ಇಷ್ಟವಾದ ಸಂಗತಿ ಏನಂದ್ರೆ, ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದ. ನಮ್ಮ ಮರ, ಮರದ ಇದ್ದ ಹಾಗೆ ಬೇರೆ ಬೇರೆ ವಿಭಕ್ತಿಯ ರೂಪಗಳು. ಪ್ರಥಮಾ ರೂಪ ಶೇಡ್ ಆಯಿತು, ಉಳಿದ ವಿಭಕ್ತಿಗಳ ರೂಪ ಶ್ಯಾಡೋ ಆಯಿತು. ಆಮೇಲೆ ಅರ್ಥವನ್ನೂ ಹಂಚಿಕೊಂಡವು. ನಿಮ್ಮ ಮಗಳು ಒಂದೇ ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ.

ಉತ್ತರ 2:
ಬಾರೋ ಅಂದ್ರೆ ಎರವಲು ತಗೊಳ್ಳೋದು, ಲೆಂಡ್ ಅಂದ್ರೆ ಎರವಲು ಕೊಡೋದು. ಪೆನ್ನು ನಿಮ್ಮ ಕಡೆ ಬರ್ತಿದ್ರೆ ನೀವು ಬಾರೋ ಮಾಡ್ತಿದ್ದೀರಿ. ಬಾರೋ ಜೊತೆ ಫ್ರಮ್, ಲೆಂಡ್ ಜೊತೆ ಟು. ಆಫೀಸಲ್ಲಿ ನಾನು ವರ್ಷಗಟ್ಟಲೆ 'ಕೆನ್ ಐ ಲೆಂಡ್ ಯುವರ್ ಚಾರ್ಜರ್' ಅಂತಿದ್ದೆ. ಎದುರಿನವರು ಅರ್ಥ ಮಾಡಿಕೊಂಡು ಕೊಡ್ತಿದ್ದರು, ಯಾರೂ ತಿದ್ದಲಿಲ್ಲ. ತಿದ್ದೋ ಟೀಚರ್ ಸಿಕ್ಕಿದ್ದು ನಿಮ್ಮ ಮಗಳ ಪುಣ್ಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ದೀಪ ಹಚ್ಚಿ ಕೂತ್ವಿ. ಗೋಡೆ ಮೇಲೆ ಬೆರಳು ಎಣಿಸಿ ಮುಗಿಸಿದ ಮೇಲೆ ಅವಳೇ ಕೇಳಿದಳು, 'ಹಾಗಾದ್ರೆ ಮೋಡ ಅಡ್ಡ ಬಂದಾಗ ಬೀಳೋದು ಯಾವುದು?' ನಾನು ಶ್ಯಾಡೋ ಅಂದೆ, ಹೊಲದ ಮೇಲೆ ಅದು ಓಡೋದು ಕಾಣುತ್ತಲ್ಲ ಅಂತ. ಸರಿ ತಾನೆ?

ಉತ್ತರ 1:
ಸರಿ ಮೇಡಂ. ಓಡುತ್ತೆ ಅಂದ್ರಲ್ಲ, ಅದೇ ಗುರುತು.