ಪದಚರ್ಚೆ: ಮಸಾಜ್‌ಗೆ ‘ಅಂಗಮರ್ದನ’ ಸರಿಹೋಗುತ್ತದೆಯೇ?

ಪ್ರಶ್ನೆ: ಫಿಸಿಯೋಥೆರಪಿ ವಿದ್ಯಾರ್ಥಿಗಳ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಮಸಾಜ್ ಬಂದಲ್ಲೆಲ್ಲ ‘ಅಂಗಮರ್ದನ’ ಎಂದಿದೆ. ಎಫ್ಲುರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್‌ಮೆಂಟ್ ಎಂಬ ಮಸಾಜಿನ ನಾಲ್ಕು ವಿಧಾನಗಳಿಗೂ ‘ಮೃದುಮರ್ದನ’, ‘ಗಾಢಮರ್ದನ’ ಎಂಬಂಥ ಜೋಡುಪದಗಳೇ. ಬದಲಿಗೆ ‘ಅಭ್ಯಂಗ’ ಅಥವಾ ‘ಸಂವಾಹನ’ ಬಳಸಬಹುದೇ? ನಾಲ್ಕಕ್ಕೂ ಬೇರೆ ಬೇರೆ ಪದ ಸಿಕ್ಕೀತೇ?

ಉತ್ತರ: ‘ಅಂಗಮರ್ದನ’ವನ್ನು ಮೊದಲು ಕೈಬಿಡಿ. ಆಯುರ್ವೇದದಲ್ಲಿ ‘ಅಂಗಮರ್ದ’ ಎಂದರೆ ರೋಗಲಕ್ಷಣ, ಮೈಕೈಯೆಲ್ಲ ಹಿಂಡಿದಂಥ ನೋವು. ಅದನ್ನು ತಗ್ಗಿಸುವ ಹತ್ತು ಮೂಲಿಕೆಗಳ ಗುಂಪಿಗೆ ಚರಕಸಂಹಿತೆ ‘ಅಂಗಮರ್ದಪ್ರಶಮನ’ ಎಂದೇ ಹೆಸರಿಟ್ಟಿದೆ. ನೋವಿಗೂ ಮದ್ದಿಗೂ ನಡುವೆ ಒಂದು ‘ನ’ಕಾರವಷ್ಟೇ ಉಳಿದರೆ ವಿದ್ಯಾರ್ಥಿ ಎಡವದೆ ಇರುವುದಿಲ್ಲ. ಸಾಲದ್ದಕ್ಕೆ, ಮಹಿಷಮರ್ದಿನಿ, ಕಾಳಿಂಗಮರ್ದನ ಕೇಳಿ ಬೆಳೆದ ಕಿವಿಗೆ ಮರ್ದನವೆಂದರೆ ತುಳಿದು ಹಣಿಯುವುದೇ.

‘ಅಭ್ಯಂಗ’ದಲ್ಲಿರುವುದು ‘ಅಂಜ್’ ಧಾತು, ಅಂದರೆ ಸವರು, ಲೇಪಿಸು. ಕಣ್ಣಿನ ಅಂಜನವೂ ನರಕಚತುರ್ದಶಿಯ ಅಭ್ಯಂಜನವೂ ಇದರ ಒಡಹುಟ್ಟುಗಳು. ಪದದ ಭಾರ ಎಣ್ಣೆಯ ಮೇಲಿದೆ, ಒತ್ತುವುದರ ಮೇಲಲ್ಲ. ಚರಕ ಕೊಡುವ ಉಪಮೆಗಳೂ ಅಂಥವೇ: ಎಣ್ಣೆ ಕುಡಿದ ಮಡಕೆ, ಎಣ್ಣೆ ತಿಕ್ಕಿದ ಚರ್ಮ, ಕೀಲೆಣ್ಣೆ ಕಂಡ ಗಾಡಿಯ ಅಚ್ಚು. ಒಣಪುಡಿ ಹಾಕಿ ಉಜ್ಜಿದರೆ ಅದು ಉದ್ವರ್ತನ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಂತೂ ಸ್ನಾನದ ಸುಖ ಹೇಳುವ ಸ್ನಾನಭೋಗ ಬೇರೆ, ಕಾಲಿಗೆ ತಿಕ್ಕಿಸಿಕೊಳ್ಳುವ ಸುಖ ಹೇಳುವ ಪಾದಾಭ್ಯಂಗಭೋಗ ಬೇರೆ. ಹಾಗಾಗಿ ಎಣ್ಣೆ ಇರುವಲ್ಲಿ ಮಾತ್ರ ಅಭ್ಯಂಗ ಎನ್ನಿ.

‘ಸಂವಾಹನ’, ಅಂದರೆ ಮೈ ಒತ್ತುವುದು, ಘನವಾದ ಹಳೆಯ ಪದ. ಸಂಸ್ಕೃತ ನಾಟಕ ಮೃಚ್ಛಕಟಿಕದಲ್ಲಿ ಜೂಜಾಡಿ ಸೋತು ಕೊನೆಗೆ ಭಿಕ್ಷುವಾಗುವವನು ಸಂವಾಹಕನೇ. ಆದರೆ ಇವತ್ತು ಅದನ್ನು ‘ಸಂವಹನ’ ಎಂದು ಓದಿಕೊಳ್ಳುವವರೇ ಹೆಚ್ಚು. ಮಸಾಜು ಮೆಸೇಜಾದಂತಾಗುತ್ತದೆ.

ಒಟ್ಟು ಹೆಸರಾಗಿ ‘ಮಸಾಜ್’ ಇರಲಿ. ಅದರ ಮೂಲ ಪೋರ್ಚುಗೀಸಿನ ‘ಅಮಸ್ಸಾರ್’, ಅಂದರೆ ಹಿಟ್ಟು ನಾದು, ಎನ್ನುವವರಿದ್ದಾರೆ. ಅರಬ್ಬಿಯ ‘ಮಸ್ಸ’, ಅಂದರೆ ಮುಟ್ಟು, ಎನ್ನುವವರೂ ಇದ್ದಾರೆ. ನಮ್ಮ ‘ಚಂಪಿ’ ಇನ್ನೂ ದೂರ ಹೋಗಿ ಬಂದಿದೆ: ಇಂಗ್ಲಿಷಿನ ‘ಶಾಂಪೂ’ ಅದರ ನಂಟಿನದೇ. ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹೊಮದ್ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ನಡೆಸಿ, 1822ರಲ್ಲಿ ‘ಶಾಂಪೂಯಿಂಗ್’ ಕುರಿತು ಪುಸ್ತಕವನ್ನೇ ಬರೆದ. ಆಗ ಆ ಪದಕ್ಕೆ ಮೈ ಒತ್ತುವುದೆಂಬ ಅರ್ಥ. ಕೂದಲು ತೊಳೆಯುವ ಅರ್ಥ ಆಮೇಲಿನದು.

ಇನ್ನು ನಾಲ್ಕು ಕ್ರಿಯೆಗಳು. ಈ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದವನೆಂದು ಹೆಸರಾದವನು ಡಚ್ ವೈದ್ಯ ಮೆಟ್ಸ್‌ಗರ್ (1838–1909). ಅವು ಮನೆಮಾತಿನ ಕ್ರಿಯಾಪದಗಳಿಂದಲೇ ಬಂದವು, ಪೆಟ್ರಿಸಾಜ್ ಅಂತೂ ಅಡುಗೆಮನೆಯದೇ. ಕನ್ನಡದಲ್ಲೂ ಅಲ್ಲೇ ಹುಡುಕಿ.

ಎಫ್ಲುರಾಜ್‌ಗೆ ‘ನೀವುವುದು’. ಅಂಗೈ ಪೂರ್ತಿ ತಾಗಿಸಿ ಪಾದದಿಂದ ತೊಡೆಯತ್ತ, ಅಂದರೆ ಹೃದಯದ ಕಡೆಗೆ. ಸಿರೆಗಳ ಕವಾಟ ತೆರೆಯುವುದು ಆ ದಿಕ್ಕಿಗೇ. ಹಿಂದಿರುಗುವಾಗ ಕೈ ಹಗುರಾಗಿರಬೇಕು. ಪೆಟ್ರಿಸಾಜ್‌ಗೆ ‘ನಾದುವುದು’, ಒಬ್ಬಟ್ಟಿನ ಕಣಕ ನಾದಿದ ಹಾಗೇ: ಸ್ನಾಯುವನ್ನು ಎತ್ತಿ, ಹಿಂಡಿ, ಬಿಡುವುದು. ಬೆರಳತುದಿಯಿಂದ ಹಿಡಿದರೆ ಅದು ಚಿವುಟುವುದಾಗುತ್ತದೆ, ಮೈ ಕಂದುತ್ತದೆ. ಟಪೋಟ್‌ಮೆಂಟ್‌ಗೆ ‘ತಟ್ಟುವುದು’. ಮಣಿಕಟ್ಟು ಸಡಿಲವಾಗಿರಬೇಕು, ಬೆನ್ನುಮೂಳೆ ಮತ್ತು ಮೂತ್ರಪಿಂಡಗಳ ಮೇಲೆ ಬೇಡ.

ತೊಡಕಿರುವುದು ಫ್ರಿಕ್ಷನ್‌ನಲ್ಲಿ. ‘ಉಜ್ಜು’, ‘ತಿಕ್ಕು’ ಎಂದು ಬರೆದರೆ ವಿದ್ಯಾರ್ಥಿ ಚರ್ಮದ ಮೇಲೆ ಬೆರಳು ಜಾರಿಸುತ್ತಾನೆ, ಸಿಪ್ಪೆ ಏಳುತ್ತದೆ. ಇಲ್ಲಿ ಬೆರಳು ಜಾರಬಾರದು. ಬೆರಳೂ ಚರ್ಮವೂ ಒಟ್ಟಿಗೆ, ಒಳಗಿನ ಕಂಡರದ (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿಯ) ಎಳೆಗಳಿಗೆ ಅಡ್ಡಲಾಗಿ ಆಡಬೇಕು. ಅದಕ್ಕೇ ಎಣ್ಣೆ ಹಚ್ಚುವುದಿಲ್ಲ. ‘ಒತ್ತಿಯಾಡಿಸು’ ಎಂಬುದು ನನ್ನ ಸಲಹೆ.

ಕರಡಿನಲ್ಲಿ ‘ಗುಣಪಡಿಸುತ್ತದೆ’ ಎಂದಿರುವಲ್ಲಿ ‘ಶಮನ’ ಎಂದು ತಿದ್ದಿ. ಸೊಂಟನೋವು, ಕುತ್ತಿಗೆನೋವಿಗೆ ಸಿಗುವುದು ತಾತ್ಕಾಲಿಕ ಆರಾಮ. ನಾದಿದರೆ ಲ್ಯಾಕ್ಟಿಕ್ ಆಮ್ಲ ಹೊರಹೋಗುತ್ತದೆ ಎಂಬ ಮಾತಿದ್ದರೆ ತೆಗೆದುಹಾಕಿ. ವ್ಯಾಯಾಮದ ನಂತರ ಸುಮಾರು ಒಂದು ಗಂಟೆಯಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ‘ಮೃದುವಾಗಿ’ ಎಂಬ ವಿಶೇಷಣವೂ ಬೇಡ, ‘ಮುಟ್ಟಬೇಡಿ’ ಎಂದೇ ಇರಲಿ.

ಮರುಪ್ರಶ್ನೆ: ‘ನೀವು’ ಸರ್ವನಾಮವೂ ಹೌದಲ್ಲ? ‘ಈಗ ಬೆನ್ನನ್ನು ನೀವು’ ಎಂದು ಬರೆದರೆ ವಾಕ್ಯ ಅರ್ಧಕ್ಕೇ ನಿಂತಂತೆ ಕಾಣುತ್ತದೆ.

ಉತ್ತರ: ನಿಜ. ವಿಧಿರೂಪದಲ್ಲಿ ‘ನೀವಿರಿ’ ಎಂದೋ ‘ನೀವಬೇಕು’ ಎಂದೋ ಬರೆಯಿರಿ, ಶೀರ್ಷಿಕೆಗೆ ‘ನೀವುವಿಕೆ’. ‘ನೇವರಿಸು’ ಬೇಡ. ಅದರಲ್ಲಿ ಅಕ್ಕರೆ ಇದೆ, ಒತ್ತಡವಿಲ್ಲ.