ಜನಗಣತಿ ಡ್ಯೂಟಿ: ಮನೆಯೇ ಇಲ್ಲದವರನ್ನು ಎಣಿಸುವುದು ಹೇಗೆ?

ಚಾಕ್‌ಪೀಸ್:
ನಾನು ಬೆಂಗಳೂರಿನಲ್ಲಿ ಸರ್ಕಾರಿ ಶಾಲೆ ಟೀಚರ್. 2027ರ ಫೆಬ್ರವರಿಯ ಜನಗಣತಿ ಡ್ಯೂಟಿ ನಮಗೆ ತಪ್ಪಿದ್ದಲ್ಲ. ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು ಹೇಗೋ ಆಗುತ್ತದೆ, ನನ್ನ ಚಿಂತೆ ಮನೆಯೇ ಇಲ್ಲದವರದ್ದು. ನಮ್ಮ ಶಾಲೆ ಕೆ.ಆರ್. ಮಾರ್ಕೆಟ್ ಹತ್ತಿರ. ಆ ಕಡೆಯ ಬ್ಲಾಕೇ ಬಂದರೆ ಫ್ಲೈಓವರ್ ಕೆಳಗೆ, ಅಂಗಡಿ ಜಗಲಿ ಮೇಲೆ, ತಳ್ಳುಗಾಡಿ ಮೇಲೆ ಮಲಗುವವರನ್ನೆಲ್ಲ ಹುಡುಕಬೇಕು. ಹಗಲು ಹೋದರೆ ಯಾರೂ ಅಲ್ಲಿರುವುದಿಲ್ಲ. ರಾತ್ರಿಯೇ ಹೋಗಬೇಕಂತೆ, ಹೌದಾ? ಮಲಗಿದವರನ್ನು ಎಬ್ಬಿಸಿ ನಿಮ್ಮ ಜಾತಿ ಯಾವುದು, ವಯಸ್ಸೆಷ್ಟು ಅಂದರೆ ಯಾರು ತಾನೇ ಉತ್ತರ ಕೊಡುತ್ತಾರೆ? ಆಧಾರ್ ಇಲ್ಲದವರನ್ನು ಸೇರಿಸಬಹುದಾ? ಅನುಭವ ಇರುವವರು ಹೇಳಿ.

ಹಳೇ ಮೇಷ್ಟ್ರು:
ರಾತ್ರಿಯೇ ಮೇಡಂ. 2011ರಲ್ಲಿ ನಾನೂ ಮಾಡಿದ್ದೇನೆ. ಫೆಬ್ರವರಿ 9ರಿಂದ 28ರವರೆಗೆ ಮನೆಗಳು, 28ರ ರಾತ್ರಿ ವಸತಿರಹಿತರು, ಆಮೇಲೆ ಮಾರ್ಚ್ 5ರವರೆಗೆ ಹುಟ್ಟು ಸಾವು ಸೇರಿಸಿ ತಿದ್ದುವ ಸುತ್ತು. ಮನೆ ಇದ್ದವರು ಇವತ್ತಲ್ಲದಿದ್ದರೆ ನಾಳೆ ಸಿಗುತ್ತಾರೆ. ಇವರು ಇವತ್ತು ಕಲಾಸಿಪಾಳ್ಯ, ನಾಳೆ ಮೆಜೆಸ್ಟಿಕ್. ದಿನಾ ಎಣಿಸುತ್ತಾ ಹೋದರೆ ಒಬ್ಬನೇ ಎರಡು ಸಲ ಬರುತ್ತಾನೆ, ಅದಕ್ಕೇ ಎಲ್ಲ ಕಡೆ ಒಂದೇ ರಾತ್ರಿ. ಈ ಸಲ, ಹಿಮ ಬೀಳುವ ಕೆಲವು ಕಡೆ ಬಿಟ್ಟರೆ, ಲೆಕ್ಕ ನಿಲ್ಲುವುದು 2027ರ ಮಾರ್ಚ್ 1ರ ನಡುರಾತ್ರಿಗೆ. ಹಳೇ ಪದ್ಧತಿಯೇ ಆದರೆ ನಿಮ್ಮ ರಾತ್ರಿ ಫೆಬ್ರವರಿ 28, ಭಾನುವಾರ.

ಆಧಾರ್ ಬೇಡವೇ ಬೇಡ. ಯಾವ ಕಾಗದವನ್ನೂ ಕೇಳಬೇಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. 1948ರ ಜನಗಣತಿ ಕಾಯ್ದೆ ಪ್ರಕಾರ ನೀವು ಬರೆದದ್ದನ್ನು ಯಾರೂ ತೆಗೆದು ನೋಡುವ ಹಾಗಿಲ್ಲ, ಸಾಕ್ಷಿ ಅಂತ ಕೋರ್ಟಿಗೂ ತರುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡಿ.

ನಿಜವಾದ ತಲೆನೋವು ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರಲ್ಲಿ ಬೆಳಗಿನ ಜಾವದ ಬಸ್ಸಿಗೆ ಕಾಯುವವರು ಯಾರು, ಅಲ್ಲೇ ಇರುವವರು ಯಾರು? ಬಟ್ಟೆ ನೋಡಿ ಹೇಳಲಾಗುವುದಿಲ್ಲ. ಅಲ್ಲೇ ಇರುವವರು ಸಾಮಾನ್ಯವಾಗಿ ರಟ್ಟು ಹಾಸಿಕೊಂಡು, ಯಾರೂ ಕದಿಯಬಾರದು ಅಂತ ಚಪ್ಪಲಿಯನ್ನು ತಲೆ ಕೆಳಗಿಟ್ಟು ಮಲಗುತ್ತಾರೆ. ಆ ರಟ್ಟನ್ನು ಹಗಲು ಯಾವ ಗೂಡಂಗಡಿ ಹಿಂದೆ ಇಡಬೇಕು ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ಅಂದಾಜು ಬೇಡ, ಕೇಳಿಯೇ ಬರೆಯಿರಿ. 2027ರ ಶಿವರಾತ್ರಿ ಮಾರ್ಚ್ 6ಕ್ಕೆ ಬೇರೆ ಬಿದ್ದಿದೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಆ ಹೊತ್ತಿಗೆ ದಾರಿಬದಿಯಲ್ಲೇ ಮಲಗಿರುತ್ತಾರೆ, ಹಾಸನದ ಕಡೆಯ ಮೇಷ್ಟ್ರುಗಳ ಪಾಡು ದೇವರಿಗೇ ಪ್ರೀತಿ!

ಲೆಕ್ಕದ ಪುಸ್ತಕ:
2011ರ ಆ ರಾತ್ರಿಯ ಲೆಕ್ಕ ಇಡೀ ದೇಶಕ್ಕೆ ಸುಮಾರು 17.7 ಲಕ್ಷ. 2001ರಲ್ಲಿ 19.4 ಲಕ್ಷ ಇತ್ತು. ಕಡಿಮೆ ಆಯಿತಲ್ಲ ಅಂತ ಖುಷಿ ಪಡಬೇಡಿ. ಹಳ್ಳಿಗಳಲ್ಲಿ 11.6 ಲಕ್ಷದಿಂದ 8.3 ಲಕ್ಷಕ್ಕೆ ಇಳಿದಿದೆ, ಪೇಟೆಗಳಲ್ಲಿ 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದೆ. ಕರ್ನಾಟಕದ್ದು ಸುಮಾರು 77 ಸಾವಿರ. 121 ಕೋಟಿ ಜನರಲ್ಲಿ ಸಾವಿರಕ್ಕೆ ಒಂದೂವರೆ ಜನಕ್ಕೆ ಮಾತ್ರ ಸೂರಿಲ್ಲವಂತೆ, ನಾನಂತೂ ನಂಬುವುದಿಲ್ಲ.

ಎಣಿಸುವವರ ತಪ್ಪು ಒಂದೇ ಅಲ್ಲ. ಜನಗಣತಿಗೆ ಗುಡಿಸಲೂ ಮನೆಯೇ. ಕಟ್ಟಡ ಕೆಲಸದವರ ತಗಡಿನ ಶೆಡ್ ಕೂಡ ಮನೆ ಲೆಕ್ಕಕ್ಕೇ ಹೋಗುತ್ತದೆ. ಫುಟ್‌ಪಾತ್, ಫ್ಲೈಓವರ್ ಕೆಳಗೆ, ಮೆಟ್ಟಿಲ ಕೆಳಗೆ, ದೊಡ್ಡ ಸಿಮೆಂಟ್ ಪೈಪಿನೊಳಗೆ, ಗುಡಿಯ ಮಂಟಪ, ರೈಲ್ವೆ ಪ್ಲಾಟ್‌ಫಾರಂ, ಇಂಥ ಕಡೆ ಇರುವವರು ಮಾತ್ರ ವಸತಿರಹಿತರು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಶೌಚಾಲಯ, ಕುಡಿಯುವ ನೀರು, ಅಡುಗೆ ಇಂಧನ, ಈ ಪ್ರಶ್ನೆಗಳೆಲ್ಲ ಬರುವುದು ಮೊದಲ ಹಂತದ ಮನೆಪಟ್ಟಿಯಲ್ಲಿ. ಮನೆ ಇಲ್ಲದವರು ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಅವರ ತಲೆ ಎಣಿಸುತ್ತೇವೆ, ನೀರು ಎಲ್ಲಿಂದ ತರುತ್ತೀರಿ ಅಂತ ಮಾತ್ರ ಕೇಳುವುದಿಲ್ಲ.

ರಾತ್ರಿಪಾಳಿ:
ನಾನು ರಾತ್ರಿ ಶೆಲ್ಟರಿನಲ್ಲಿ ಕೆಲಸ ಮಾಡುತ್ತೇನೆ. ಟೀಚರ್, ನೀವು ಕತ್ತಿಗೆ ಐಡಿ ಕಾರ್ಡು ಹಾಕಿಕೊಂಡು, ಜೊತೆಗೆ ಒಬ್ಬ ಪೊಲೀಸರನ್ನು ಕರೆದುಕೊಂಡು ಬಂದರೆ ಅರ್ಧ ಜನ ಎದ್ದು ಓಡುತ್ತಾರೆ. ಕಾರಣ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಅಡಿ ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರಕ್ಕೆ ಹಾಕುತ್ತಾರೆ ಅನ್ನುವ ಭಯ. 2010ರಲ್ಲಿ ಅಲ್ಲಿ ಸಾಲು ಸಾಲಾಗಿ ಜನ ಸತ್ತದ್ದನ್ನು ಹಳಬರು ಮರೆತಿಲ್ಲ. ಭಿಕ್ಷೆ ಬೇಡದೆ ಮೂಟೆ ಹೊತ್ತು ದುಡಿಯುವವನಿಗೂ ಅದೇ ಭಯ, ಮಲಗಿದಾಗ ಇಬ್ಬರೂ ಒಂದೇ ಥರ ಕಾಣುತ್ತಾರಲ್ವಾ.

ಹೆಂಗಸರಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಬಯಲಲ್ಲಿ ಮಲಗಲು ಹೆದರಿ ಆಸ್ಪತ್ರೆ ವರಾಂಡದಲ್ಲಿ ರೋಗಿ ಕಡೆಯವರ ಹಾಗೆ ಕೂತಿರುತ್ತಾರೆ, ಇಲ್ಲ ಬೆಳಗಾಗುವವರೆಗೂ ಬಸ್ ಸ್ಟ್ಯಾಂಡಿನಲ್ಲಿ ಚೀಲ ತಬ್ಬಿಕೊಂಡು ಎಚ್ಚರವಾಗಿರುತ್ತಾರೆ. ಮಲಗಿದವರನ್ನಷ್ಟೇ ಎಣಿಸಿದರೆ ಇವರು ಹೋದರು.

ಸುಮ್ನೆ ಒಂದೇ ರಾತ್ರಿ ನೆಚ್ಚಿಕೊಳ್ಳಬೇಡಿ. ಮುಂಚೆಯೇ ಸಂಜೆ ಹೊತ್ತು ಒಂದೆರಡು ಸಲ ಹೋಗಿ ಟೀ ಅಂಗಡಿಯವನನ್ನು, ಪೇ ಅಂಡ್ ಯೂಸ್ ಶೌಚಾಲಯದ ಗಲ್ಲಾದಲ್ಲಿ ಕೂರುವವನನ್ನು ಮಾತಾಡಿಸಿ. ಬೆಳಿಗ್ಗೆ ಯಾರು ಎಲ್ಲಿಂದ ಎದ್ದು ಬರುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಆಫೀಸಿಗೂ ಗೊತ್ತಿಲ್ಲ. ಮಾರ್ಕೆಟ್ಟಿನಲ್ಲಿ ಜಾಗ ಖಾಲಿಯಾಗುವುದು ಶಟರ್ ಇಳಿದ ಮೇಲೆ, ಬೆಳಗಿನ ಜಾವಕ್ಕೆ ಹೂವಿನ ಲಾರಿ ಬಂದರೆ ಎಲ್ಲರೂ ಏಳಬೇಕು. ನಿಮಗೆ ಸಿಗುವುದು ನಡುವಿನ ಕೆಲವೇ ಗಂಟೆ.

ಇಷ್ಟೆಲ್ಲ ಯಾಕೆ ಅಂದರೆ, ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನರಿಗಾಗುವಷ್ಟು ಶೆಲ್ಟರ್ ಇರಬೇಕು ಅಂತ ಕೇಂದ್ರದ ನಗರ ಜೀವನೋಪಾಯ ಯೋಜನೆಯ ನಿಯಮ ಇತ್ತು. ನಿಯಮ ಒಟ್ಟು ಜನಸಂಖ್ಯೆ ಮೇಲೆ. ಆದರೂ ಹೊಸ ಶೆಲ್ಟರ್ ಕೇಳಲು ಹೋದಾಗ ಒಬ್ಬ ಅಧಿಕಾರಿ ನಮ್ಮ ಮುಂದೆ ಹಿಡಿದದ್ದು 2011ರ ವಸತಿರಹಿತರ ಅಂಕಿಯನ್ನೇ. ಇಷ್ಟೇ ಜನ ಇದ್ದಾರಲ್ಲ, ಸಾಕಲ್ವಾ ಅಂದರು.

ಚಾಕ್‌ಪೀಸ್:
ಎಲ್ಲರಿಗೂ ಥ್ಯಾಂಕ್ಸ್. ಟೀ ಅಂಗಡಿ, ಶೌಚಾಲಯದ ಐಡಿಯಾ ಚೆನ್ನಾಗಿದೆ. ನಮ್ಮ ಶಾಲೆ ಮಕ್ಕಳಲ್ಲೇ ಇಬ್ಬರು ಮೂವರ ಅಪ್ಪ ಅಮ್ಮ ಅಲ್ಲಿ ಹೂ ಕಟ್ಟುತ್ತಾರೆ, ಅವರನ್ನೂ ಕೇಳುತ್ತೇನೆ. ಒಂದು ಅನುಮಾನ ಉಳಿಯಿತು. ಲಾರಿಯಲ್ಲೇ ಮಲಗುವ ಡ್ರೈವರ್, ಕ್ಲೀನರ್‌ಗಳನ್ನು ಏನು ಮಾಡಬೇಕು? ನಮ್ಮೂರಿನ ಕುರಿ ಕಾಯುವವರೂ ತಿಂಗಳುಗಟ್ಟಲೆ ಹೊಲದಲ್ಲೇ ಮಲಗುತ್ತಾರೆ.

ಹಳೇ ಮೇಷ್ಟ್ರು:
ಗಣತಿ ನಡೆಯುವ ಆ ಇಪ್ಪತ್ತು ದಿನದಲ್ಲಿ ಒಂದು ರಾತ್ರಿಯಾದರೂ ಮನೆಗೆ ಬಂದು ಹೋಗುವವರಾದರೆ ಅವರ ಲೆಕ್ಕ ಮನೆಯಲ್ಲೇ ಆಗುತ್ತದೆ, ಲಾರಿಯವರು ಹೆಚ್ಚಿನವರು ಹಾಗೇ. ಆ ಅವಧಿಯಿಡೀ ಊರ ಕಡೆ ತಲೆ ಹಾಕದ ಕುರಿಯವರನ್ನು ಮನೆಯವರು ಹೇಳಿದರೂ ಅಲ್ಲಿ ಬರೆಯುವುದಿಲ್ಲ. ಅವರು ಮಂದೆ ಹಾಕಿರುವ ಹೊಲ ಯಾರ ಬ್ಲಾಕಿಗೆ ಬರುತ್ತದೋ ಆ ಮೇಷ್ಟ್ರೇ ಹೋಗಿ ಬರೆದುಕೊಳ್ಳಬೇಕು. ಹೋಗುವಾಗ ಟಾರ್ಚ್ ತಗೊಂಡು ಹೋಗಲಿ, ಮಂದೆಯ ನಾಯಿಗಳು ಜೋರಿರುತ್ತವೆ.