ದೂರದಿಂದ ರೀಡಿಂಗ್ ಪಡೆಯುವ ಹೊಸ ಮೀಟರ್ ಬಂದ ಮೇಲೆ ಕೆಳಮನೆಯ ಯೂನಿಟ್ ಇಮ್ಮಡಿಯಾಗಿದೆ: ಕಾರಣ ಹುಡುಕಲು ನೆರವು ಬೇಕು

ಕೆಳಮನೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರವೊಂದರಲ್ಲಿರುವ ನಮ್ಮ ಎರಡಂತಸ್ತಿನ ಮನೆಯ ಕೆಳಭಾಗದಲ್ಲಿ ನನ್ನ ತಾಯಿಯವರು ಒಬ್ಬರೇ ಇದ್ದಾರೆ. ಮೇಲಿನ ಮನೆಯಲ್ಲಿ ನಾಲ್ವರ ಕುಟುಂಬ ಬಾಡಿಗೆಗಿದೆ. ಎರಡಕ್ಕೂ ಬೇರೆ ಬೇರೆ ಆರ್.ಆರ್. ಸಂಖ್ಯೆ ಇದೆ, ಎರಡೂ ಸಿಂಗಲ್ ಫೇಸ್, ಒಂದೇ ಕಂಬದ ಒಂದೇ ಫೇಸಿನಿಂದ ಬಂದಿವೆ. ಇತ್ತೀಚೆಗೆ ವಿದ್ಯುತ್ ಕಂಪನಿಯವರು ಚಕ್ರ ತಿರುಗುವ ಹಳೆಯ ಮೀಟರುಗಳನ್ನು ತೆಗೆದು, ಕಚೇರಿಯಿಂದಲೇ ರೀಡಿಂಗ್ ಪಡೆಯಬಹುದಾದ ಸ್ಮಾರ್ಟ್ ಮೀಟರುಗಳನ್ನು ಅಳವಡಿಸಿದರು.

ಅಮ್ಮನ ಬಳಕೆ ಹಿಂದೆಲ್ಲ ತಿಂಗಳಿಗೆ 60 ಯೂನಿಟ್ ಆಸುಪಾಸಿನಲ್ಲಿತ್ತು. ಗೃಹಜ್ಯೋತಿಯಲ್ಲಿ ಅವರಿಗೆ ನಿಗದಿಯಾದ ಮಿತಿಯೊಳಗೆ ಇದ್ದುದರಿಂದ ಶೂನ್ಯ ಬಿಲ್ ಬರುತ್ತಿತ್ತು. ಹೊಸ ಮೀಟರ್ ಬಂದ ಮೇಲೆ ಅದು 130 ಯೂನಿಟ್ ದಾಟುತ್ತಿದ್ದು, ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕಾಗಿದೆ. ಮೇಲಿನ ಮನೆಯವರ ಬಳಕೆ 180ರಷ್ಟಿದ್ದುದು ಸ್ವಲ್ಪ ಮಾತ್ರ ಏರಿದೆ. ಅಮ್ಮನ ಮನೆಯಲ್ಲಿ ಫ್ರಿಜ್, ಎರಡು ಫ್ಯಾನ್, ಎಲ್.ಇ.ಡಿ. ದೀಪಗಳು, ಟಿ.ವಿ., ಮಿಕ್ಸಿ ಬಿಟ್ಟರೆ ಬೇರೇನೂ ಇಲ್ಲ. ಸ್ನಾನದ ನೀರು ಹಂಡೆಯಲ್ಲೇ ಕಾಯುತ್ತದೆ.

ಮೀಟರಿನ ಪಕ್ಕದ ಮೇನ್ ಸ್ವಿಚ್ಚನ್ನು ಆರಿಸಿ ನೋಡಿದೆ. ಕೆಂಪು ದೀಪ ಮಿಟುಕುವುದು ಕೂಡಲೇ ನಿಂತಿತು. ಹಾಗಾದರೆ ಮೀಟರ್ ತಾನಾಗಿ ಓಡುತ್ತಿಲ್ಲ ಎಂದೇ? ಅಥವಾ ವೇಗವಾಗಿ ಓಡುತ್ತಿರಬಹುದೇ? ಚೆಕ್ ಮೀಟರಿಗೆ (ಹೋಲಿಸಿ ನೋಡಲು ಹಾಕುವ ಎರಡನೆಯ ಮೀಟರ್) ಅರ್ಜಿ ಕೊಡುವ ಮೊದಲು ತಿಳಿದವರ ಅಭಿಪ್ರಾಯ ಬೇಕಾಗಿದೆ. ಪಿಂಚಣಿಯಲ್ಲಿ ಬದುಕುವ ಅಮ್ಮ ಈಗ ಹಗಲು ಫ್ಯಾನ್ ಹಾಕಲೂ ಹಿಂಜರಿಯುತ್ತಿದ್ದಾರೆ, ಅದು ನನಗೆ ಬಹಳ ನೋವಾಗಿರುವ ವಿಷಯ.

ಹಳೇ ವೈರಿಂಗ್

ಹಳೆಯ ಚಕ್ರದ ಮೀಟರುಗಳು ತೀರಾ ಸಣ್ಣ ಲೋಡಿಗೆ ತಿರುಗುತ್ತಲೇ ಇರಲಿಲ್ಲ, ವರ್ಷಗಳು ಕಳೆದಂತೆ ಇನ್ನಷ್ಟು ನಿಧಾನವೂ ಆಗುತ್ತಿದ್ದವು. ಹೊಸ ಮೀಟರು ಸೆಟ್‌ಟಾಪ್ ಬಾಕ್ಸ್, ಚಾರ್ಜರ್, ವೈಫೈ ರೂಟರ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೊದಲು ಇವುಗಳನ್ನು ರಾತ್ರಿ ಸಂಪೂರ್ಣ ಆರಿಸಿ ನೋಡಿ.

ಮಾಪಕ ಶಾಲೆ

ಹಿಂದಿನವರು ಹೇಳಿದ ಮಾತು ನಿಜವೇ ಆದರೂ ಈ ಏರಿಕೆಗೆ ಅದು ಸಾಲುವುದಿಲ್ಲ. 10 ವ್ಯಾಟ್ ಸೆಳೆಯುವ ಉಪಕರಣ ದಿನವಿಡೀ ಚಾಲೂ ಇದ್ದರೂ 30 ದಿನಕ್ಕೆ 7.2 ಯೂನಿಟ್ ಮಾತ್ರ ಆಗುತ್ತದೆ. 70 ಯೂನಿಟ್ ಹೆಚ್ಚಲು ಸುಮಾರು 100 ವ್ಯಾಟಿನ ಲೋಡು ಹಗಲೂ ರಾತ್ರಿ ನಡೆಯುತ್ತಿರಬೇಕು. ನೀವು ವಿವರಿಸಿದ ಮನೆಯಲ್ಲಿ ಅದು ಎಲ್ಲಿಂದ ಬರಬೇಕು?

ಮೀಟರು ಪರೀಕ್ಷಿಸುವ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ನನಗೆ ಬೇರೊಂದು ಅನುಮಾನವಿದೆ. ನೀವು ಆರಿಸಿದ್ದು ಡಬಲ್ ಪೋಲ್ ಮೇನ್ ಸ್ವಿಚ್ ಆಗಿರಬೇಕು, ಅಂದರೆ ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡನ್ನೂ ಒಟ್ಟಿಗೆ ಕತ್ತರಿಸುವಂಥದ್ದು. ಹಾಗಿದ್ದರೆ ದೀಪ ನಿಂತದ್ದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಈಗ ಮೇನ್ ಸ್ವಿಚ್ಚನ್ನು ಚಾಲೂ ಇಟ್ಟು, ಒಳಗಿನ ವಿತರಣಾ ಪೆಟ್ಟಿಗೆಯಲ್ಲಿರುವ (ಡಿ.ಬಿ.) ಸಿಂಗಲ್ ಪೋಲ್ ಎಂ.ಸಿ.ಬಿ.ಗಳನ್ನು, ಅಂದರೆ ಫೇಸನ್ನಷ್ಟೇ ಕತ್ತರಿಸುವ ಸಣ್ಣ ಸ್ವಿಚ್ಚುಗಳನ್ನು ಮಾತ್ರ ಒಂದೊಂದಾಗಿ ಆರಿಸಿ. ಅಮ್ಮನ ಮನೆಯಲ್ಲಿ ಒಂದು ದೀಪವೂ ಉರಿಯದ ಸ್ಥಿತಿ ಬರಬೇಕು. ಮೇಲಿನ ಮನೆಯವರು ಗೀಸರ್ ಹಾಕುವ ಹೊತ್ತಿಗೆ ಸರಿಯಾಗಿ ಇದನ್ನು ಮಾಡಿ, ಆಮೇಲೆ ಮೀಟರಿನ ಮುಂದೆ ನಿಂತು ಮೂರು ಸಂಗತಿ ಗಮನಿಸಿ.

ಕೆಂಪು ದೀಪ ಇನ್ನೂ ಮಿಟುಕುತ್ತಿದೆಯೇ ಎಂಬುದು ಮೊದಲನೆಯದು. ಮೀಟರಿನ ಮುಖದಲ್ಲಿ ಇ.ಎಲ್. (ಅರ್ಥ್ ಲೋಡಿಂಗ್, ಅಂದರೆ ಎರಡು ತಂತಿಗಳ ಕರೆಂಟ್ ಸಮವಿಲ್ಲದಿರುವುದು) ಅಥವಾ ಅರ್ಥ್ ಎಂದು ಗುರುತಿರುವ ಸಣ್ಣ ದೀಪ ಇಲ್ಲವೇ ಚಿಹ್ನೆ ಇದ್ದರೆ ಅದು ಬೆಳಗುತ್ತಿದೆಯೇ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೀಟರಿನ ಗುಂಡಿಯನ್ನು ಒತ್ತುತ್ತಾ ಹೋದರೆ ಪರದೆಯಲ್ಲಿ ವೋಲ್ಟೇಜ್, ಫೇಸ್ ಕರೆಂಟ್, ನ್ಯೂಟ್ರಲ್ ಕರೆಂಟ್ ಒಂದಾದ ಮೇಲೊಂದು ಬರುತ್ತವೆ. ಆ ಎರಡು ಕರೆಂಟುಗಳ ಅಂಕಿಗಳನ್ನು ಬರೆದುಕೊಂಡು ಇಲ್ಲಿ ತಿಳಿಸಿ. ದಯವಿಟ್ಟು ಮೀಟರಿನ ಮುಚ್ಚಳಕ್ಕಾಗಲಿ ಸೀಲಿಗಾಗಲಿ ಕೈ ಹಾಕಬೇಡಿ. ಮೀಟರಿಗೆ ಅಡ್ಡಿಪಡಿಸುವುದು ವಿದ್ಯುಚ್ಛಕ್ತಿ ಅಧಿನಿಯಮ 2003ರ 138ನೇ ಕಲಮಿನಡಿ ಅಪರಾಧ, ಮುಚ್ಚಳ ತೆರೆದ ಕ್ಷಣವೇ ಈ ಮೀಟರುಗಳು ಅದನ್ನು ದಾಖಲಿಸಿಕೊಳ್ಳುತ್ತವೆ.

ಕೆಳಮನೆ

ನೀವು ಹೇಳಿದಂತೆಯೇ ಮಾಡಿದೆ ಸರ್. ಮೇನ್ ಸ್ವಿಚ್ ಡಬಲ್ ಪೋಲ್ ಎಂಬುದು ಖಚಿತವಾಯಿತು. ಎಂ.ಸಿ.ಬಿ.ಗಳೆಲ್ಲ ಆಫ್ ಆಗಿ ಮನೆ ಪೂರ್ತಿ ಕತ್ತಲಾಗಿದ್ದರೂ ಕೆಂಪು ದೀಪ ಸೆಕೆಂಡಿಗೆ ಒಂದರಂತೆ ಮಿಟುಕುತ್ತಲೇ ಇತ್ತು, ಇ.ಎಲ್. ದೀಪವೂ ಉರಿಯುತ್ತಿತ್ತು. ಪರದೆಯಲ್ಲಿ ಫೇಸ್ ಕರೆಂಟ್ ಸೊನ್ನೆ. ನ್ಯೂಟ್ರಲ್ ಕರೆಂಟ್ 4.7 ಆಂಪಿಯರ್. ಮೇಲಿನವರು ಗೀಸರ್ ಆರಿಸಿದ ಕೂಡಲೇ ನ್ಯೂಟ್ರಲ್ ಕರೆಂಟ್ ಅರ್ಧ ಆಂಪಿಯರಿಗೆ ಇಳಿಯಿತು. ಮುಖಫಲಕದ ಮೇಲೆ ಯೂನಿಟ್ಟಿಗೆ 3200 ಮಿಟುಕು ಎಂದು ಮುದ್ರಿತವಾಗಿದೆ.

ಫೇಸ್ ಸೊನ್ನೆಯಾಗಿರುವಾಗ ಯೂನಿಟ್ ಓಡುವುದು ಹೇಗೆ ಸಾಧ್ಯ ಎಂಬುದು ಮಾತ್ರ ನನಗೆ ಅರ್ಥವಾಗಲಿಲ್ಲ.

ಮಾಪಕ ಶಾಲೆ

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. 3200 ಮಿಟುಕಿಗೆ ಒಂದು ಯೂನಿಟ್ ಆದರೆ, 1125ನ್ನು ಎರಡು ಮಿಟುಕುಗಳ ನಡುವಣ ಸೆಕೆಂಡುಗಳಿಂದ ಭಾಗಿಸಿದಾಗ ಆ ಕ್ಷಣದ ವ್ಯಾಟ್ ಸಿಗುತ್ತದೆ. ಸೆಕೆಂಡಿಗೊಂದು ಮಿಟುಕು ಎಂದರೆ ಸುಮಾರು 1125 ವ್ಯಾಟ್. 240 ವೋಲ್ಟಿಗೆ 4.7 ಆಂಪಿಯರನ್ನು ಗುಣಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಂದರೆ ನಿಮ್ಮ ಮೀಟರು ನ್ಯೂಟ್ರಲ್ ಕರೆಂಟನ್ನು ಹಿಡಿದು ಯೂನಿಟ್ ಲೆಕ್ಕ ಹಾಕುತ್ತಿದೆ, ಅದು ವೇಗವಾಗಿ ಓಡುತ್ತಿಲ್ಲ.

ಹಳೆಯ ಚಕ್ರದ ಮೀಟರಿನಲ್ಲಿ ಕರೆಂಟಿನ ಸುರುಳಿ ಫೇಸ್ ತಂತಿಯಲ್ಲಿ ಮಾತ್ರ ಇರುತ್ತಿತ್ತು, ನ್ಯೂಟ್ರಲಿನಲ್ಲಿ ಏನು ಹರಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಫೇಸ್–ನ್ಯೂಟ್ರಲ್ ಅದಲುಬದಲು ಮಾಡಿ, ಮೀಟರಿನ ಮೂಲಕ ಮರಳಬೇಕಾದ ತಂತಿಯನ್ನು ಬಿಟ್ಟು ಭೂಮಿಗೆ ಲೋಡು ಜೋಡಿಸುವುದು ಮುಂತಾದ ಕಳ್ಳತನಗಳು ನಡೆಯುತ್ತಿದ್ದವು. ಅದನ್ನು ತಡೆಯಲೆಂದೇ ನಮ್ಮ ದೇಶದ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಎರಡೂ ತಂತಿಗಳ ಕರೆಂಟನ್ನು ಅಳೆದು, ಯಾವುದು ಹೆಚ್ಚೋ ಅದರ ಮೇಲೆ ಯೂನಿಟ್ ದಾಖಲಿಸುವ ವ್ಯವಸ್ಥೆ ಬಂತು. ಭಾರತೀಯ ಮಾನಕ 16444ರ ಪ್ರಕಾರ ತಯಾರಾಗುವ ಸ್ಮಾರ್ಟ್ ಮೀಟರುಗಳಲ್ಲೂ ಇದೇ ಕ್ರಮವಿದೆ. ಕಳ್ಳನನ್ನು ಹಿಡಿಯಲು ಬಂದ ಈ ಏರ್ಪಾಡು, ವೈರಿಂಗ್ ಕೆಟ್ಟಿರುವ ಪ್ರಾಮಾಣಿಕರ ಮನೆಯಲ್ಲೂ ಅಷ್ಟೇ ಕಟ್ಟುನಿಟ್ಟಾಗಿ ಕೆಲಸ ಮಾಡುತ್ತದೆ.

ನಿಮ್ಮ ಕಟ್ಟಡದಲ್ಲಿ ಎರಡೂ ಮನೆಗಳ ನ್ಯೂಟ್ರಲ್ ತಂತಿಗಳು ಮೀಟರ್ ದಾಟಿದ ಮೇಲೆ ಎಲ್ಲೋ ಒಂದೆಡೆ ಕೂಡಿಕೊಂಡಿವೆ. ಒಂದೇ ಕೆರೆಯ ನೀರಿಗೆ ಎರಡು ತೂಬು ತೆರೆದಂತೆ, ಮೇಲಿನ ಗೀಸರಿನಿಂದ ಮರಳುವ ಕರೆಂಟ್ ಎರಡೂ ನ್ಯೂಟ್ರಲುಗಳಲ್ಲಿ ಹಂಚಿಕೊಂಡು ಕಂಬಕ್ಕೆ ಹೋಗುತ್ತಿದೆ. ಎರಡು ತಂತಿಗಳ ದಪ್ಪವೂ ಉದ್ದವೂ ಸಮವಾಗಿದ್ದರೆ ಹಂಚಿಕೆ ಹೆಚ್ಚುಕಡಿಮೆ ಅರ್ಧರ್ಧ. ಮೇಲಿನ ಮನೆಯ ಮೀಟರು ತನ್ನ ಫೇಸನ್ನು ನೋಡಿ ಪೂರ್ಣ ಯೂನಿಟ್ ಬರೆಯುತ್ತದೆ, ನಿಮ್ಮದು ನ್ಯೂಟ್ರಲನ್ನು ನೋಡಿ ಅದರ ಅರ್ಧವನ್ನು ಮತ್ತೆ ಬರೆಯುತ್ತದೆ. ಒಂದೇ ಗೀಸರಿಗೆ ಕಂಪನಿ ಒಂದೂವರೆ ಪಟ್ಟು ಯೂನಿಟ್ ಎಣಿಸುತ್ತಿದೆ.

ಬೇಕಾದರೆ ತಾಳೆ ನೋಡಿ. ಅಮ್ಮನ 60, ಮೇಲಿನವರ 180, ಕೂಡಿದರೆ 240, ಅದರ ಅರ್ಧ 120. ಅಮ್ಮನ ಫ್ರಿಜ್ ಓಡುವಾಗ ಮೇಲಿನವರು ಏನೂ ಬಳಸದ ಹೊತ್ತಿನಲ್ಲಿ ನಿಮ್ಮ ಫೇಸೇ ಹೆಚ್ಚಾಗುವುದರಿಂದ ಅದು 120ಕ್ಕಿಂತ ತುಸು ಮೇಲೇರಿ 130 ಆಗಿದೆ. ಅದೇ ಹೊತ್ತಿನಲ್ಲಿ ಮೇಲಿನವರ ನ್ಯೂಟ್ರಲಿಗೂ ನಿಮ್ಮ ಪಾಲು ಸೇರುವುದರಿಂದ ಅವರ ಯೂನಿಟ್ಟೂ ಸ್ವಲ್ಪ ಏರಿದೆ. ಇಂಥ ಜೋಡಣೆಯಲ್ಲಿ ಯಾವಾಗಲೂ ಕಡಿಮೆ ಬಳಸುವವರಿಗೇ ಹೆಚ್ಚು ಪೆಟ್ಟು.

ಚೆಕ್ ಮೀಟರಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯಂತೆ, ರೀಡಿಂಗ್ ಬಳಕೆಗೆ ತಕ್ಕಂತಿಲ್ಲ ಎಂದು ದೂರು ಕೊಟ್ಟ 5 ದಿನಗಳೊಳಗೆ ಕಂಪನಿ ಹೆಚ್ಚುವರಿ ಮೀಟರ್ ಅಳವಡಿಸಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಇದು ಬಹಳ ಒಳ್ಳೆಯ ಹಕ್ಕು. ಆದರೆ ಆ ಎರಡನೆಯ ಮೀಟರೂ ಎರಡು ತಂತಿಗಳನ್ನೂ ಅಳೆಯುವಂಥದ್ದೇ ಆಗಿದ್ದರೆ ಅದೇ 130ನ್ನು ತೋರಿಸುತ್ತದೆ. ಆಗ ಕಚೇರಿಯವರು ಮೀಟರ್ ಸರಿಯಿದೆ ಎಂದು ಬರೆದುಕೊಡುತ್ತಾರೆ, ಅದು ಸುಳ್ಳೂ ಅಲ್ಲ. ಗ್ರಾಹಕರು ತಮ್ಮ ಬಳಕೆಯೇ ಹೆಚ್ಚಿರಬೇಕೆಂದು ನಂಬಿ, ಇಲ್ಲದ ಲೋಡನ್ನು ಮನೆಯೆಲ್ಲ ಹುಡುಕುತ್ತಾರೆ. ಇದನ್ನು ನಾನು ಅನೇಕರ ಮನೆಯಲ್ಲಿ ಕಂಡಿದ್ದೇನೆ. ಫೇಸ್ ಮತ್ತು ನ್ಯೂಟ್ರಲ್ ಕರೆಂಟುಗಳನ್ನು ಹೋಲಿಸಿ ನೋಡದೆ ಯಾರೂ ಚೆಕ್ ಮೀಟರಿಗೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಂತಿ ಜೋಡಣೆ

ನಾನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ. ನ್ಯೂಟ್ರಲ್ ಬೆರೆಯುವ ಜಾಗಗಳು ಹೆಚ್ಚಾಗಿ ಇವು: ಮೆಟ್ಟಿಲಿನ ಟೂ ವೇ ದೀಪ, ಎರಡೂ ಮನೆಗೆ ಸೇರಿದ ಸಂಪಿನ ಪಂಪು, ಗೇಟಿನ ದೀಪ, ಹಾಗೂ ಒಂದೇ ಯು.ಪಿ.ಎಸ್.ನಿಂದ ಎರಡು ಅಂತಸ್ತಿಗೂ ಎಳೆದ ತಂತಿ. ಮನೆ ಒಂದೇ ಕುಟುಂಬದ್ದಾಗಿದ್ದಾಗ ಮಾಡಿದ ವೈರಿಂಗನ್ನು ಬಾಡಿಗೆಗೆ ಕೊಡುವಾಗ ಎರಡು ಮೀಟರಿಗೆ ಒಡೆದಿದ್ದರೆ, ಫೇಸನ್ನು ಮಾತ್ರ ಬೇರ್ಪಡಿಸಿ ನ್ಯೂಟ್ರಲನ್ನು ಹಾಗೇ ಬಿಟ್ಟಿರುವುದೇ ಹೆಚ್ಚು.

ಹುಡುಕುವ ಕ್ರಮ ಸರಳ, ಆದರೆ ಕೆಲಸ ತಿಳಿದವರೇ ಮಾಡಬೇಕು. ಎರಡೂ ಮನೆಗಳ ಡಬಲ್ ಪೋಲ್ ಸ್ವಿಚ್ಚುಗಳನ್ನು ಆರಿಸಿ, ವೋಲ್ಟೇಜ್ ಇಲ್ಲವೆಂದು ಪರೀಕ್ಷಿಸಿದ ಮೇಲೆ, ಎರಡು ನ್ಯೂಟ್ರಲ್ ಬಾರುಗಳ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ನಡುವೆ ಮಲ್ಟಿಮೀಟರಿನಲ್ಲಿ ಕಂಟಿನ್ಯೂಟಿ, ಅಂದರೆ ಅವು ಒಂದಕ್ಕೊಂದು ಕೂಡಿವೆಯೇ ಎಂದು ನೋಡಬೇಕು. ಬೀಪ್ ಬಂದರೆ ಕೆಳಗಿನ ಬಾರಿನಿಂದ ಒಂದೊಂದೇ ನ್ಯೂಟ್ರಲ್ ತಂತಿಯನ್ನು ಬಿಡಿಸುತ್ತಾ ಹೋದರೆ, ಯಾವುದನ್ನು ತೆಗೆದಾಗ ಬೀಪ್ ನಿಲ್ಲುತ್ತದೆಯೋ ಆ ಸರ್ಕ್ಯೂಟಿನಲ್ಲೇ ಕೂಡಿಕೆ ಇರುತ್ತದೆ. ಇದು ಬಿಲ್ಲಿನ ಪ್ರಶ್ನೆ ಮಾತ್ರವಲ್ಲ. ನಾಳೆ ಮೇಲಿನ ಮನೆಯ ಸರ್ವೀಸ್ ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ ಅವರ ಗೀಸರಿನ ಪೂರ್ತಿ ಕರೆಂಟು ನಿಮ್ಮ ನ್ಯೂಟ್ರಲ್ ತಂತಿಯಲ್ಲೇ ಹರಿಯುತ್ತದೆ. ಅಷ್ಟೇ ಅಲ್ಲ, ಕೆಳಗಿನ ಎಂ.ಸಿ.ಬಿ. ಆರಿಸಿ ಕೆಲಸಕ್ಕೆ ಇಳಿದ ಎಲೆಕ್ಟ್ರಿಷಿಯನ್ ಆ ನ್ಯೂಟ್ರಲನ್ನು ಬಿಡಿಸಿದರೆ ಅವನಿಗೆ ಶಾಕ್ ಹೊಡೆಯಬಹುದು.

ಕೆಲಸ ಮುಗಿದ ಮೇಲೆ ಎರಡೂ ಮನೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿ. ಅದು ಮೊದಲೇ ಇದ್ದಿದ್ದರೆ ಫೇಸ್–ನ್ಯೂಟ್ರಲ್ ವ್ಯತ್ಯಾಸಕ್ಕೆ ಟ್ರಿಪ್ ಆಗಿ, ಈ ದೋಷ ವರ್ಷಗಳ ಹಿಂದೆಯೇ ಹೊರಬೀಳುತ್ತಿತ್ತು.

ಕೆಳಮನೆ

ಸಮಸ್ಯೆ ಪರಿಹಾರವಾಯಿತು, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೆಟ್ಟಿಲಿನ ದೀಪದ ಜಂಕ್ಷನ್ ಬಾಕ್ಸಿನಲ್ಲಿ ಎರಡು ಮನೆಗಳ ನ್ಯೂಟ್ರಲುಗಳನ್ನು ಒಟ್ಟಿಗೆ ಹೊಸೆದು ಟೇಪ್ ಸುತ್ತಲಾಗಿತ್ತು. ಪರವಾನಗಿ ಇರುವ ಸ್ಥಳೀಯ ಗುತ್ತಿಗೆದಾರರು ಅದನ್ನು ಬಿಡಿಸಿ, ಮೆಟ್ಟಿಲಿನ ದೀಪವನ್ನು ಪೂರ್ಣವಾಗಿ ಕೆಳಮನೆಯ ಸರ್ಕ್ಯೂಟಿಗೆ ಸೇರಿಸಿದರು. ಈಗ ಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಕರೆಂಟ್ ಒಂದೇ ಅಂಕಿ ತೋರಿಸುತ್ತಿವೆ, ಇ.ಎಲ್. ದೀಪ ಆರಿದೆ, ದಿನದ ಬಳಕೆ ಎರಡು ಯೂನಿಟ್ಟಿಗೆ ಇಳಿದಿದೆ. ಅಮ್ಮ ಮತ್ತೆ ಹಗಲೂ ಫ್ಯಾನ್ ಹಾಕಿಕೊಳ್ಳುತ್ತಿದ್ದಾರೆ.

ಉಳಿದಿರುವುದು ಒಂದೇ ಪ್ರಶ್ನೆ. ಹೊಸ ಮೀಟರಿನ ತಿಂಗಳುಗಳಲ್ಲಿ ದಾಖಲಾದ ಗರಿಷ್ಠ ಬೇಡಿಕೆ (ತಿಂಗಳಲ್ಲಿ ಒಮ್ಮೆಗೆ ಸೆಳೆದ ಅತಿ ಹೆಚ್ಚು ಲೋಡು) ಅಮ್ಮನಿಗೆ ಮಂಜೂರಾದ 1 ಕಿಲೋವ್ಯಾಟ್ ಲೋಡನ್ನು ಮೀರಿದೆ. ಇದರಿಂದ ಮುಂದೆ ತೊಂದರೆಯಾಗಬಹುದೇ?

ಮಾಪಕ ಶಾಲೆ

ಸಂತೋಷವಾಯಿತು. ಅದೇ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಬಂದ 2023ರ ತಿದ್ದುಪಡಿಯ ಪ್ರಕಾರ, ಸ್ಮಾರ್ಟ್ ಮೀಟರಿನ ಗರಿಷ್ಠ ಬೇಡಿಕೆಯನ್ನು ಆಧರಿಸಿ ಮಂಜೂರಾದ ಲೋಡನ್ನು ಏರಿಸಬೇಕಾದರೆ ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಬಾರಿ ಅದು ಮೀರಿರಬೇಕು. ಸುಮ್ಮನೆ ಬಿಡದೆ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗುತ್ತಿಗೆದಾರರ ಪ್ರಮಾಣಪತ್ರವನ್ನು ಲಗತ್ತಿಸಿ, ಅರ್ಧ ಗಂಟೆಗೊಮ್ಮೆ ದಾಖಲಾಗುವ ಲೋಡ್ ಸರ್ವೆ ಮತ್ತು ಅರ್ಥ್ ಲೋಡಿಂಗ್ ಘಟನೆಗಳ ಪಟ್ಟಿಯನ್ನು ಕೇಳಿ. ಬೆಳಗಿನ ಗೀಸರಿನ ಹೊತ್ತಿಗೆ ನಿಮ್ಮ ಮೀಟರು ಏರುತ್ತಿದ್ದುದೂ ರಿಪೇರಿಯ ನಂತರ ಅದು ನಿಂತದ್ದೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದ ಹೆಚ್ಚುವರಿ ಯೂನಿಟ್ಟುಗಳ ಹಣ ಹಿಂದಕ್ಕೆ ಸಿಗುವ ಭರವಸೆ ನಾನು ಕೊಡಲಾರೆ, ಏಕೆಂದರೆ ದೋಷವಿದ್ದುದು ಮೀಟರಿನಿಂದ ಈಚೆಗೆ, ಮನೆಯ ವೈರಿಂಗಿನಲ್ಲಿ. ಆದರೂ ಕೇಳಬೇಕು, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

ನನಗೆ ನಿಜಕ್ಕೂ ಬೇಸರ ತರುವ ಸಂಗತಿ ಬೇರೆಯೇ. ಮೀಟರು ಈ ಅರ್ಥ್ ಲೋಡಿಂಗ್ ಘಟನೆಯನ್ನು ತನ್ನಲ್ಲಿ ದಾಖಲಿಸಿಕೊಂಡು ಕಚೇರಿಯ ಸರ್ವರಿಗೂ ಕಳುಹಿಸಬಲ್ಲದು. ಹಿಂದೆ ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ ಮೀಟರ್ ರೀಡರ್ ಆ ಇ.ಎಲ್. ದೀಪವನ್ನು ಕಣ್ಣಾರೆ ನೋಡಿ ಒಂದು ಮಾತು ಹೇಳಬಹುದಿತ್ತು. ಈಗ ಆ ಭೇಟಿಯೇ ಇಲ್ಲ. ಹಾಗಿರುವಾಗ ಮಾಹಿತಿ ಕೈಸೇರಿದ ಯಾವುದೇ ವಿತರಣಾ ಕಂಪನಿ, ನಿಮ್ಮ ಮನೆಯ ನ್ಯೂಟ್ರಲನ್ನು ಪರೀಕ್ಷಿಸಿಕೊಳ್ಳಿ ಎಂಬ ಒಂದು ಸಂದೇಶವನ್ನು ಗ್ರಾಹಕರ ಮೊಬೈಲಿಗೆ ಕಳುಹಿಸಲೇಬೇಕು. ಮೀಟರ್ ಬದಲಿಸುವ ಸಿಬ್ಬಂದಿ ಕೆಲಸ ಮುಗಿಸಿ ಹೊರಡುವ ಮುನ್ನ ಎರಡು ಕರೆಂಟುಗಳನ್ನು ನೋಡಿ ಮನೆಯವರಿಗೆ ತಿಳಿಸುವುದನ್ನು ಕಡ್ಡಾಯ ಮಾಡಬೇಕು.

ಬಯಲುಸೀಮೆ ಅಂಗಡಿ

ಇದೇ ಬಗೆಯ ತೊಂದರೆ ನಮ್ಮ ಅಂಗಡಿಯಲ್ಲೂ ಇದೆ, ಆದರೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಸಮವಾಗಿವೆ. ಹೊಸ ಮೀಟರಿನ ಜೊತೆಗೇ ಛಾವಣಿಯ ಮೇಲೆ ಸೋಲಾರ್ ಹಾಕಿಸಿದೆವು. ನೆಟ್ ಮೀಟರಿಂಗ್ (ಗ್ರಿಡ್ಡಿಗೆ ಕೊಟ್ಟ ಯೂನಿಟ್ಟುಗಳನ್ನು ಬಳಕೆಯಿಂದ ಕಳೆಯುವ ವ್ಯವಸ್ಥೆ) ಅರ್ಜಿ ಇನ್ನೂ ಮಂಜೂರಾಗಿಲ್ಲ. ಭಾನುವಾರ ಅಂಗಡಿ ಮುಚ್ಚಿದ್ದರೂ ಮಧ್ಯಾಹ್ನವೇ ಯೂನಿಟ್ ಅತಿ ಹೆಚ್ಚು ಓಡುತ್ತದೆ.

ಮಾಪಕ ಶಾಲೆ

ನಿಮ್ಮ ಕಾರಣ ಬೇರೆ. ದ್ವಿಮುಖ ಅಳತೆಗೆ ಹೊಂದಿಸದ ಮೀಟರು, ಹಿಮ್ಮುಖವಾಗಿ ಹರಿಯುವ ಕರೆಂಟನ್ನೂ ಕಳ್ಳತನ ತಡೆಯುವ ಅದೇ ಉದ್ದೇಶದಿಂದ ಬಳಕೆಯೆಂದೇ ಎಣಿಸುತ್ತದೆ. ಅಂಗಡಿ ಮುಚ್ಚಿದ ದಿನ ನಿಮ್ಮ ಸೋಲಾರ್ ಉತ್ಪಾದಿಸಿದ ಪ್ರತಿಯೊಂದು ಯೂನಿಟ್ಟೂ ನೀವು ಕೊಂಡ ಯೂನಿಟ್ಟಾಗಿ ಬಿಲ್ಲಿಗೆ ಸೇರುತ್ತಿದೆ. ಮಂಜೂರಾತಿ ಇಲ್ಲದೆ ಗ್ರಿಡ್ಡಿಗೆ ಕರೆಂಟ್ ಬಿಡುವುದು ಕಂಬದ ಮೇಲೆ ಕೆಲಸ ಮಾಡುವವರ ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಲ್ಲ. ಇಂದೇ ಸೋಲಾರ್ ಇನ್ವರ್ಟರಿನ ಎ.ಸಿ. ಸ್ವಿಚ್ಚನ್ನು ಆರಿಸಿ, ನೆಟ್ ಮೀಟರ್ ಅಳವಡಿಸಿ ಕಂಪನಿಯವರು ಚಾಲನೆ ಕೊಡುವವರೆಗೆ ಅದನ್ನು ಹಾಗೆಯೇ ಬಿಡಿ. ಬರುವ ಭಾನುವಾರ ಮಧ್ಯಾಹ್ನದ ರೀಡಿಂಗನ್ನು ಹಿಂದಿನದರೊಂದಿಗೆ ಹೋಲಿಸಿ ಇಲ್ಲಿ ಬರೆಯಿರಿ.